ಮಳೆಗಾಲ ಮುಗಿದ ಮೇಲೆ ಕಾರಿನ ಒಳಗಿನ ಬೂಷ್ಟು ತೆಗೆಯುವುದು ಹೇಗೆ

ಮಲೆನಾಡು, ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದುಕೊಂಡರೆ ಪುನರ್ವಸು, ಪುಷ್ಯ, ಆಶ್ಲೇಷ ಅಂತ ಒಂದರ ಬೆನ್ನಿಗೆ ಒಂದು ಸುರಿಯುತ್ತಲೇ ಇರುತ್ತದೆ. ಶೆಡ್ಡಿನಲ್ಲಿ ನಾಲ್ಕು ದಿನ ಸುಮ್ನೆ ನಿಂತ ಕಾರಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಸ್ಟೀರಿಂಗ್ ಮೇಲೆ ತೆಳ್ಳಗೆ ಬಿಳಿ ಪುಡಿ, ಗೇರ್ ನಾಬ್ ಸುತ್ತ ಹಸಿರು ಚುಕ್ಕಿ, ಸೀಟಿನ ಹೊಲಿಗೆಯ ಉದ್ದಕ್ಕೂ ಕಪ್ಪು. ಬೆಂಗಳೂರಲ್ಲೂ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲಿಸಿ ಹೋಗುವವರಿಗೆ ಇದೇ ಪಾಡು.

ಆಮೇಲೆ ಆಯುಧಪೂಜೆ ಬರುತ್ತದೆ, ಗಾಡಿ ತೊಳೆಯಲೇಬೇಕು. ಆಗ ಜನ ಮಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಹೊರಗೆ ಹಿಡಿದ ಪೈಪನ್ನೇ ಒಳಗೂ ಹಿಡಿಯುತ್ತಾರೆ, ಸೋಪಿನ ನೀರನ್ನು ಸೀಟಿಗೆ ಸುರಿದು ಬ್ರಷ್ಷಿನಲ್ಲಿ ಉಜ್ಜುತ್ತಾರೆ, ಮೇಲಿಂದ ಒಂದಿಷ್ಟು ಫಿನಾಯಿಲ್, ಕೊನೆಗೆ ಘಮಘಮ ಸ್ಪ್ರೇ ಹೊಡೆದು ಗಾಜು ಏರಿಸಿ ಲಾಕ್ ಮಾಡುತ್ತಾರೆ. ಸ್ವಲ್ಪ ದಿನದಲ್ಲೇ ಬೂಷ್ಟು ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ. ಬೂಷ್ಟಿಗೆ ಬೇಕಾಗಿರುವುದೇ ತೇವ ಅಲ್ವಾ? ಒಳಗಿನ ಗಾಳಿಯ ತೇವಾಂಶ ಶೇಕಡಾ 60-70 ದಾಟಿ ಹಾಗೇ ನಿಂತರೆ ಸಾಕು, ಕೈಬೆವರು, ಮೈಯ ಜಿಡ್ಡು, ಬಿಸ್ಕತ್ತಿನ ಪುಡಿ ತಿಂದುಕೊಂಡೇ ಬೆಳೆಯುತ್ತದೆ. ನಾವು ಜಾಸ್ತಿ ಮುಟ್ಟುವ ಜಾಗದಲ್ಲೇ ಅದು ಮೊದಲು ಕಾಣಿಸುವುದು ಇದಕ್ಕೇ. ಆದ್ದರಿಂದ ಒಳಗಡೆ ನೀರು ಕಡಿಮೆ ಬಳಸಿ ಒರೆಸಬೇಕು, ಒಣಗಿಸುವುದಕ್ಕೆ ಜಾಸ್ತಿ ಹೊತ್ತು ಕೊಡಬೇಕು. ಇಷ್ಟು ಹಿಡಿದುಕೊಂಡರೆ ಮುಕ್ಕಾಲು ಕೆಲಸ ಆದಂತೆ.

ಮೊದಲು ದಿನ ನೋಡಿಕೊಳ್ಳಿ. ಬೆಳಗ್ಗೆಯೇ ಬಿಸಿಲು ಬಿದ್ದಿರಬೇಕು, ಸಂಜೆವರೆಗೆ ಮಳೆ ಬರುವ ಲಕ್ಷಣ ಇರಬಾರದು. ಕಾರನ್ನು ಶೆಡ್ಡಿನಿಂದ ಹೊರಗೆ ತನ್ನಿ, ನಾಲ್ಕೂ ಬಾಗಿಲು, ಡಿಕ್ಕಿ ತೆಗೆದಿಡಿ. ಒರೆಸುವ ಕೆಲಸ ನೆರಳಿನಲ್ಲಿ, ಒಣಗಿಸುವ ಕೆಲಸ ಬಿಸಿಲಿನಲ್ಲಿ. ಇಗ್ನಿಷನ್ ಆಫ್, ಕೀ ನಿಮ್ಮ ಜೇಬಲ್ಲಿ. ಬಾಗಿಲು ತೆಗೆದಿದ್ದಷ್ಟು ಹೊತ್ತು ಒಳಗಿನ ದೀಪ ಉರಿದು ಬ್ಯಾಟರಿ ಇಳಿಯುತ್ತದೆ, ಅದರ ಸ್ವಿಚ್ ಆಫ್ ಮಾಡಲು ಮರೆಯಬೇಡಿ.

ಬೂಷ್ಟು ಮುಟ್ಟುವ ಮೊದಲು ಎನ್95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಕನ್ನಡಕ ಇದ್ದರೆ ಇನ್ನೂ ಒಳ್ಳೆಯದು. ಮುಖಕ್ಕೆ ಟವಲ್ ಕಟ್ಟಿಕೊಂಡರೆ ಸಾಲದು, ಬೂಷ್ಟಿನ ಕಣ ಅದರಲ್ಲಿ ಸಲೀಸಾಗಿ ನುಗ್ಗುತ್ತದೆ. ಮನೆಯಲ್ಲಿ ಉಬ್ಬಸ, ಅಲರ್ಜಿ ಇರುವವರಿದ್ದರೆ ಅವರಿಗೆ ಈ ಕೆಲಸ ಬೇಡ, ಮಕ್ಕಳೂ ಹತ್ತಿರ ಸುಳಿಯುವುದು ಬೇಡ. ಇನ್ನೊಂದು ಮುಖ್ಯ ವಿಷಯ, ಒಣಗಿದ ಬೂಷ್ಟನ್ನು ಬ್ರಷ್ಷಿನಲ್ಲಿ ಝಾಡಿಸಬೇಡಿ. ಒಂದು ಕಡೆ ಇದ್ದದ್ದು ಗಾಳಿಗೆದ್ದು ಕಾರಿನ ತುಂಬ ಕೂರುತ್ತದೆ. ಬಟ್ಟೆಯನ್ನು ಮೊದಲು ಒದ್ದೆ ಮಾಡಿಕೊಂಡು, ಮೇಲಿಂದ ಒತ್ತಿ, ಒಂದೇ ದಿಕ್ಕಿಗೆ ಎಳೆದು ತೆಗೆಯಿರಿ. ಬಟ್ಟೆಯ ಮಗ್ಗುಲು ಬದಲಿಸುತ್ತ ಹೋಗಿ, ಅದೇ ಮಗ್ಗುಲಲ್ಲಿ ಇನ್ನೊಂದು ಜಾಗ ಒರೆಸಬೇಡಿ.

ಯಾವುದರಲ್ಲಿ ಒರೆಸುವುದು? ಪ್ಲಾಸ್ಟಿಕ್, ರೆಕ್ಸಿನ್, ಬಟ್ಟೆ ಸೀಟು ಇವಕ್ಕೆ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿದರೆ ಸಾಕು. ಕಾಣದ ಮೂಲೆಯಲ್ಲಿ ಮೊದಲು ಸ್ವಲ್ಪ ಹಚ್ಚಿ ನೋಡಿ, ಬಣ್ಣ ಬಿಡದಿದ್ದರೆ ಮುಂದುವರಿಯಿರಿ. ಹುಳಿ ವಾಸನೆ ಒಣಗುತ್ತಿದ್ದಂತೆ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಮೆಡಿಕಲ್ ಶಾಪಿನ 70 ಪರ್ಸೆಂಟ್ ಐಸೊಪ್ರೊಪೈಲ್ ಸ್ಪಿರಿಟ್ ಕೂಡ ಆಗುತ್ತದೆ, ಬೇಗ ಆರುತ್ತದೆ. ನಿಜವಾದ ಲೆದರ್ ಸೀಟಿಗೆ ಇವೆರಡೂ ಬೇಡ, ಚರ್ಮ ಒಣಗಿ ಬಿರಿಯುತ್ತದೆ, ಅದಕ್ಕೆಂದೇ ಬರುವ ಲೆದರ್ ಕ್ಲೀನರ್ ತನ್ನಿ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಒಳಗೆ ತರಲೇಬೇಡಿ. ಪ್ಲಾಸ್ಟಿಕ್ ಕರಗುತ್ತದೆ, ಆವಿಗೆ ಬೆಂಕಿ ಹತ್ತುತ್ತದೆ.

ಬ್ಲೀಚ್ ವಿಷಯ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಮನೆಯ ಬಚ್ಚಲು ತೊಳೆಯುವ ಬ್ಲೀಚನ್ನು ವಿನೆಗರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೂ ಅದೇ. ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಜೊತೆ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಾನಿಲ. ಕಾರಿನಂಥ ಸಣ್ಣ ಜಾಗದಲ್ಲಿ ತಲೆ ಒಳಗೆ ಹಾಕಿಕೊಂಡು ಉಜ್ಜುವಾಗ ಇವು ಎದೆಗೆ ಇಳಿದರೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ‘ಎರಡೂ ಸೇರಿಸಿದರೆ ಪವರ್ ಜಾಸ್ತಿ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಸ್ಪಿರಿಟ್ಟಿಗೂ ಒಂದು ಎಚ್ಚರಿಕೆ ಇದೆ. ಅದು ಉರಿಯುವ ವಸ್ತು. ಒರೆಸುವಾಗ ಹತ್ತಿರ ಯಾರೂ ಬೀಡಿ, ಸಿಗರೇಟು ಸೇದಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಪೂಜೆ ದಿನ ಬೆಳಗ್ಗೆ ಗಡಿಬಿಡಿಯಲ್ಲಿ ಒರೆಸಿ, ಹತ್ತೇ ನಿಮಿಷಕ್ಕೆ ಡ್ಯಾಶ್‌ಬೋರ್ಡ್ ಮುಂದೆ ಊದುಬತ್ತಿ ಹಚ್ಚುವುದು, ಎಸಿ ವೆಂಟಿಗೆ ಊದುಬತ್ತಿ ಸಿಕ್ಕಿಸುವುದು, ಒಳಗೇ ಕರ್ಪೂರದ ಆರತಿ ಎತ್ತುವುದು ಎಲ್ಲ ಕಡೆ ನಡೆಯುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆಯೇ ಕ್ಲೀನಿಂಗ್ ಮುಗಿಸಿಬಿಡಿ, ಆರತಿಯನ್ನು ಹೊರಗೆ ಬಾನೆಟ್ ಮುಂದೆ ಮಾಡಿ.

ಈಗ ಕೆಲಸಕ್ಕೆ ಇಳಿಯೋಣ. ಒಳಗಿರುವುದೆಲ್ಲ ಹೊರಗೆ ಬರಲಿ. ಸೀಟಿನ ಕೆಳಗೆ ತುರುಕಿದ ಒದ್ದೆ ಛತ್ರಿ, ಡಿಕ್ಕಿಯಲ್ಲಿ ಮಡಚಿಟ್ಟ ರೇನ್‌ಕೋಟ್, ಡೋರ್ ಪಾಕೆಟ್‌ನಲ್ಲಿ ಮರೆತ ಕರ್ಚೀಫು. ಅರ್ಧ ವಾಸನೆ ಇವುಗಳದ್ದೇ ಆಗಿರುತ್ತದೆ. ಮ್ಯಾಟ್ ತೆಗೆದು ಹೊರಗೆ ಹಾಕಿ. ಮ್ಯಾಟನ್ನು ಬೇಕಾದಷ್ಟು ನೀರು ಹೊಡೆದು ತೊಳೆಯಬಹುದು, ಹೊರಗೇ ಇರುತ್ತದಲ್ಲ.

ಮ್ಯಾಟ್ ತೆಗೆದ ಜಾಗವನ್ನು ಬಗ್ಗಿ ಚೆನ್ನಾಗಿ ನೋಡಿ. ನಾಲ್ಕು ಪದರ ಟಿಶ್ಯೂ ಮಡಚಿ ಕಾರ್ಪೆಟ್ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ ಎತ್ತಿ ನೋಡಿ. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುವ ಕಾರ್ಪೆಟ್ಟಿನಿಂದಲೂ ಟಿಶ್ಯೂಗೆ ಮಣ್ಣಿನ ಬಣ್ಣದ ತೇವ ಏರಿರುತ್ತದೆ. ಕಾರ್ಪೆಟ್ಟಿನ ಅಡಿಗೆ ದಪ್ಪ ಫೆಲ್ಟ್, ಫೋಮ್ ಇರುತ್ತದೆ, ಅದು ಲೀಟರುಗಟ್ಟಲೆ ನೀರು ಹಿಡಿದುಕೊಂಡು ಕೂತಿರುತ್ತದೆ. ಅದನ್ನು ಬಿಟ್ಟು ಮೇಲೆ ಎಷ್ಟು ಒರೆಸಿದರೂ ದಂಡ.

ಒದ್ದೆ ಇದೆ ಅಂದಾದರೆ ನೀರು ಎಲ್ಲಿಂದ ಬಂತು ಅಂತ ಹುಡುಕಬೇಕು. ಮುಂದಿನ ಎಡಗಡೆ ಸೀಟಿನವರ ಕಾಲಿನ ಹತ್ತಿರ ಮಾತ್ರ ಒದ್ದೆಯಾಗಿದ್ದರೆ ಎಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ಎಸಿ ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಬೇಕು, ಸೆಖೆ ದಿನದಲ್ಲೂ ತೊಟ್ಟಿಕ್ಕದಿದ್ದರೆ ಅನುಮಾನ ಸರಿ. ಮರದ ಕೆಳಗೆ ನಿಲ್ಲಿಸುವ ಕಾರುಗಳದ್ದು ಬೇರೆ ಕತೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ತಗ್ಗಿನಲ್ಲಿ ತರಗೆಲೆ ಕೊಳೆತು ನೀರಿನ ದಾರಿ ಮುಚ್ಚುತ್ತದೆ, ನೀರು ಬ್ಲೋವರ್ ಮೂಲಕ ಒಳಗೆ ಇಳಿಯುತ್ತದೆ. ಬಾನೆಟ್ ಎತ್ತಿ ಕೈಯಲ್ಲೇ ಎಲೆ ಬಾಚಿ ತೆಗೆಯಿರಿ. ಸನ್‌ರೂಫ್ ಇದ್ದರೆ ಅದರ ಮೂಲೆಗಳ ಸಣ್ಣ ತೂತುಗಳನ್ನೂ ನೋಡಿ, ಅಲ್ಲಿಗೆ ತಂತಿ ಹಾಕಿ ಚುಚ್ಚಬೇಡಿ, ಒಳಗಿನ ಪೈಪ್ ಹರಿಯುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಎಲ್ಲಾದರೂ ಕಿತ್ತು ಬಂದಿದೆಯಾ ಅಂತ ಬೆರಳಾಡಿಸಿ ನೋಡಿ.

ಆಮೇಲೆ ವ್ಯಾಕ್ಯೂಮ್. ಸೀಟು, ಕಾರ್ಪೆಟ್, ಡಿಕ್ಕಿ ಎಲ್ಲ ಎಳೆಯಿರಿ. ಮೆಷಿನ್ನಿನ ಗಾಳಿ ಹೊರಗೆ ಬಿಡುವ ಬಾಯಿ ಕಾರಿನ ಒಳಗೆ ಇರಬಾರದು, ಮೆಷಿನ್ ಅಂಗಳದಲ್ಲಿರಲಿ, ಪೈಪ್ ಮಾತ್ರ ಒಳಗೆ ಹೋಗಲಿ. ಇಲ್ಲದಿದ್ದರೆ ಎಳೆದುಕೊಂಡ ಬೂಷ್ಟನ್ನು ಅದೇ ವಾಪಸ್ ಊದುತ್ತದೆ. ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಮೆಷಿನ್ ಆದರೆ ಇನ್ನೂ ಒಳ್ಳೆಯದು. ಡ್ರೈ ವ್ಯಾಕ್ಯೂಮಿನಲ್ಲಿ ಒದ್ದೆ ಎಳೆಯಲು ಹೋಗಬೇಡಿ, ಕರೆಂಟ್ ಹೊಡೆಯುವ ಅಪಾಯ ಇದೆ.

ಆದರೆ ಇಲಿ ಓಡಾಡಿದ ಗುರುತು ಕಂಡರೆ ವ್ಯಾಕ್ಯೂಮ್ ಹಾಕುವ ಮೊದಲು ನಿಲ್ಲಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇಲಿಗಳು ಕಾರಿಗೆ ನುಗ್ಗುವುದು ಹೊಸತೇನಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರದ ಕೇಸುಗಳು ಇದ್ದೇ ಇರುತ್ತವೆ. ಇಲಿಯ ಮೂತ್ರದಲ್ಲಿರುವ ಆ ರೋಗಾಣು ಕೈಯ ಸಣ್ಣ ಗಾಯ, ಕಣ್ಣು, ಬಾಯಿಯಿಂದ ಒಳಗೆ ಹೋಗುತ್ತದೆ. ಹಿಕ್ಕೆ ಕಂಡಲ್ಲಿ ಗುಡಿಸಬೇಡಿ, ಎಳೆಯಬೇಡಿ. ಗ್ಲೌಸ್ ಹಾಕಿಕೊಂಡು, ರೋಗಾಣು ಕೊಲ್ಲುವ (ಡಿಸಿನ್‌ಫೆಕ್ಟೆಂಟ್) ದ್ರಾವಣದಲ್ಲಿ ಪೂರ್ತಿ ನೆನೆಸಿ, ಐದು ನಿಮಿಷ ಬಿಟ್ಟು, ಟಿಶ್ಯೂನಲ್ಲಿ ಎತ್ತಿ ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಹೊರಗೆ ತೆಗೆದ ರಬ್ಬರ್ ಮ್ಯಾಟು, ಟ್ರೇಗೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಬಳಸಬಹುದು, ಆದರೆ ಅದಕ್ಕೆ ವಿನೆಗರ್ ತಾಗಿಸಬೇಡಿ. ಕೆಲಸ ಮುಗಿಸಿದ ಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಶುರುವಾದರೆ ಡಾಕ್ಟರಿಗೆ ಇಲಿ ಹಿಕ್ಕೆ ತೆಗೆದ ವಿಷಯವನ್ನು ಮೊದಲು ಹೇಳಿ. ವಯರ್ ಕಚ್ಚಿದ್ದರೆ ಟೇಪ್ ಸುತ್ತಿ ಸುಮ್ಮನಾಗಬೇಡಿ, ಮೆಕ್ಯಾನಿಕ್ಕಿಗೆ ತೋರಿಸಿ.

ಸೀಟಿನ ಕೆಳಗೆ ಕೈ ಹಾಕುವಾಗ ಹಳದಿ ವಯರ್, ಹಳದಿ ಕನೆಕ್ಟರ್ ಕಾಣುತ್ತವೆ. ಅವು ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಬಿಗಿಯುವ ವ್ಯವಸ್ಥೆಯದ್ದು. ಎಳೆಯಬೇಡಿ, ಬಿಚ್ಚಬೇಡಿ, ಒದ್ದೆ ಮಾಡಬೇಡಿ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ, ಪಕ್ಕದ ಸೀಟಿನದ್ದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯ. ಅಂದರೆ ಈಚೆಗೆ ತಗೊಂಡ ಕಾರಾದರೆ ನಿಮ್ಮದರಲ್ಲೂ ಇದೆ. ಸೀಟು ಬಿಚ್ಚಿ ಹೊರಗೆ ತೆಗೆದು ತೊಳೆಯುವ ವಿಡಿಯೊ ನೋಡಿ ಸ್ಪ್ಯಾನರ್ ಹಿಡಿಯುವುದು ಬೇಡ. ಎಂಜಿನ್ನಿಗೆ ಸಣ್ಣ ಎಲೆಕ್ಟ್ರಿಕ್ ಮೋಟರ್ ನೆರವಾಗುವ ಕೆಲವು ಮೈಲ್ಡ್ ಹೈಬ್ರಿಡ್ ಕಾರುಗಳಲ್ಲಿ ಮುಂದಿನ ಎಡಗಡೆ ಸೀಟಿನ ಕೆಳಗೆ ಲಿಥಿಯಂ ಬ್ಯಾಟರಿಯೇ ಇರುತ್ತದೆ, ಅಲ್ಲಿ ನೀರು ಚೆಲ್ಲುವ ಯೋಚನೆಯೇ ಮಾಡಬೇಡಿ.

ಬಟ್ಟೆ ಸೀಟಿಗೆ ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಶಾಂಪೂ ಸಾಕು. ನೊರೆ ಮಾತ್ರ ಎತ್ತಿಕೊಂಡು ಮೆತ್ತನೆ ಬ್ರಷ್ಷಿನಲ್ಲಿ ಒಂದು ಗೇಣಿನಷ್ಟು ಜಾಗ ಉಜ್ಜಿ, ತಕ್ಷಣ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಂದಿನ ಗೇಣು. ನೀರು ಫೋಮಿಗೆ ಇಳಿದರೆ ಒಣಗಲು ದಿನಗಟ್ಟಲೆ ಬೇಕು. ಪಕ್ಕದ ಸೀಟಿನ ಒಳಗೆ ಯಾರಾದರೂ ಕೂತಿದ್ದಾರಾ ಅಂತ ನೋಡುವ ಸೆನ್ಸರ್ ಇರುತ್ತದೆ, ಅದು ನೆನೆದರೆ ಬೆಲ್ಟ್ ಹಾಕಿ ಅಂತ ಸುಮ್ಮಸುಮ್ಮನೆ ಕೂಗಲು ಶುರು ಮಾಡುತ್ತದೆ. ಸೀಟಿನ ಬಾಗಿಲ ಕಡೆಯ ಅಂಚಿನಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಲೇಬಲ್ ಇದ್ದರೆ ಅಲ್ಲಿ ಸೈಡ್ ಏರ್‌ಬ್ಯಾಗ್ ಇದೆ ಅಂತ ಅರ್ಥ. ಆ ಹೊಲಿಗೆಯನ್ನು ಗಟ್ಟಿಯಾಗಿ ಉಜ್ಜಬೇಡಿ. ಕ್ಲೀನ್ ಆದ ಮೇಲೆ ಹೊಸ ಕವರ್ ಹಾಕಿಸುವ ಮನಸ್ಸಿದ್ದರೆ ಆ ಅಂಚನ್ನು ಮುಚ್ಚುವ ಕವರ್ ತಗೊಳ್ಳಬೇಡಿ.

ಕಲೆಗಳಲ್ಲಿ ಹಾಲು ಚೆಲ್ಲಿದ್ದರೆ ತಣ್ಣೀರಲ್ಲೇ ಒರೆಸಿ, ಬಿಸಿನೀರು ಹಾಕಿದರೆ ಹಾಲಿನ ಅಂಶ ಬಟ್ಟೆಗೇ ಅಂಟಿಕೊಳ್ಳುತ್ತದೆ. ಡಿಕ್ಕಿಯಲ್ಲಿ ಮೀನಿನ ನೀರು ಸೋರಿದ್ದರೂ ಹಾಗೆಯೇ. ಮೊದಲು ತಣ್ಣೀರು, ಆಮೇಲೆ ಸೋಪು, ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ ರಾತ್ರಿ ಬಿಟ್ಟು ಬೆಳಗ್ಗೆ ವ್ಯಾಕ್ಯೂಮ್ ಮಾಡಿ. ಹಲಸಿನ ಮೇಣಕ್ಕೆ ಮನೆಯಲ್ಲಿ ಕೈಗೆ ಹಚ್ಚುವ ಕೊಬ್ಬರಿ ಎಣ್ಣೆಯೇ ಮದ್ದು, ಮೇಣ ಬಿಟ್ಟ ಮೇಲೆ ಎಣ್ಣೆಯನ್ನು ಶಾಂಪೂ ನೊರೆಯಲ್ಲಿ ತೆಗೆಯಿರಿ.

ಸೀಟ್ ಬೆಲ್ಟನ್ನು ಯಾರೂ ಗಮನಿಸುವುದಿಲ್ಲ, ನನಗೆ ಅತಿ ಮುಖ್ಯ ಅನ್ನಿಸುವುದೇ ಅದು. ಕೊನೆವರೆಗೂ ಪೂರ್ತಿ ಹೊರಗೆ ಎಳೆಯಿರಿ. ಯಾವಾಗಲೂ ಬಾಗಿಲ ಪಕ್ಕದ ಕಂಬದ ಒಳಗೆ ಸುತ್ತಿಕೊಂಡೇ ಇರುವ ಭಾಗದಲ್ಲಿ ದುಂಡಗಿನ ಬೂದು ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಬೆಲ್ಟ್ ವಾಪಸ್ ಓಡಿಹೋಗದಂತೆ ಬುಡದಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಹಿಂಡಿದ ಬಟ್ಟೆ, ನೇಯ್ಗೆಯ ಉದ್ದಕ್ಕೆ ಒರೆಸುತ್ತ ಹೋಗಿ, ಆಮೇಲೆ ಬರಿ ನೀರಿನ ಬಟ್ಟೆಯಲ್ಲಿ ಸೋಪು ತೆಗೆಯಿರಿ. ಬ್ಲೀಚ್, ವಿನೆಗರ್, ಸ್ಪಿರಿಟ್ ಯಾವುದೂ ಬೇಡ, ಡಿಕ್ಕಿ ಹೊಡೆದಾಗ ನಿಮ್ಮ ಮೈಭಾರವನ್ನೆಲ್ಲ ತಡೆಯುವುದು ಆ ದಾರಗಳೇ, ರಾಸಾಯನಿಕ ತಗಲಿದರೆ ಅವು ಕಣ್ಣಿಗೆ ಕಾಣದ ಹಾಗೆ ಬಲ ಕಳೆದುಕೊಳ್ಳುತ್ತವೆ. ಕ್ಲಿಪ್ ಹಾಗೇ ಇರಲಿ, ನೆರಳಲ್ಲಿ ಇಡೀ ರಾತ್ರಿ ಒಣಗಲಿ. ಒದ್ದೆ ಬೆಲ್ಟ್ ಒಳಗೆ ಸುತ್ತಿಕೊಂಡರೆ ಬೂಷ್ಟೂ ಒಳಗೆ, ತುಕ್ಕೂ ಒಳಗೆ. ಅಂಚು ಹರಿದಿದ್ದರೆ, ದಾರ ಎದ್ದಿದ್ದರೆ ಬೆಲ್ಟ್ ಬದಲಿಸಿ. ಬಕಲ್ ಒಳಗೆ ಎಣ್ಣೆ, ಸ್ಪ್ರೇ ಬಿಡಬೇಡಿ, ಕಸ ಇದ್ದರೆ ವ್ಯಾಕ್ಯೂಮಿನಲ್ಲಿ ಎಳೆಯಿರಿ.

ಡ್ಯಾಶ್‌ಬೋರ್ಡಿಗೆ ದ್ರಾವಣವನ್ನು ನೇರ ಸ್ಪ್ರೇ ಮಾಡಬೇಡಿ, ಬಟ್ಟೆಗೆ ಮಾಡಿ ಒರೆಸಿ. ಸ್ವಿಚ್ಚು, ವೆಂಟು, ಏರ್‌ಬ್ಯಾಗ್ ಮುಚ್ಚಳದ ಸಂದಿಗೆ ಹನಿ ಇಳಿಯಬಾರದು. ಟಚ್‌ಸ್ಕ್ರೀನ್ ಆಫ್ ಮಾಡಿ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೊಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಗ್ಲಾಸ್ ಕ್ಲೀನರ್ ಹಾಕಿದರೆ ಅದರ ಮೇಲಿನ ಕೋಟಿಂಗ್ ಹೋಗುತ್ತದೆ. ಹಿಂದಿನ ಗಾಜಿನಲ್ಲಿ ಮಂಜು ಬಿಡಿಸುವ ಡಿಫಾಗರ್ ಗೆರೆಗಳಿದ್ದರೆ ಗೆರೆಯ ಉದ್ದಕ್ಕೇ ಒರೆಸಿ, ಕೆರೆಯಬೇಡಿ. ಫಳಫಳ ಹೊಳೆಯುವ ಪಾಲಿಶ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಸ್ಟೀರಿಂಗ್, ಪೆಡಲ್, ಗೇರ್ ನಾಬ್‌ಗೆ ಹಚ್ಚಲೇಬಾರದು, ಕೈಕಾಲು ಜಾರುತ್ತದೆ. ಡ್ಯಾಶ್‌ಬೋರ್ಡಿಗೆ ಹಚ್ಚಿದರೂ ಬಿಸಿಲಲ್ಲಿ ಅದರ ಹೊಳಪು ಮುಂದಿನ ಗಾಜಿನಲ್ಲಿ ಕಂಡು ರಸ್ತೆಯೇ ಸರಿಯಾಗಿ ಕಾಣುವುದಿಲ್ಲ.

ಎಸಿ ಹಾಕಿದ ತಕ್ಷಣ ಹುಳಿ ವಾಸನೆ ಬಂದರೆ ಬೂಷ್ಟು ಗಾಳಿಯನ್ನು ತಣ್ಣಗೆ ಮಾಡುವ ಒಳಗಿನ ಕಾಯಿಲ್ ಮೇಲಿದೆ. ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಎಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ವರ್ಷಕ್ಕೊಮ್ಮೆ ಅಥವಾ 10-15 ಸಾವಿರ ಕಿಲೋಮೀಟರಿಗೆ ಬದಲಿಸುವುದು ವಾಡಿಕೆ, ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು. ಫಿಲ್ಟರ್ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಹಳೆಯದು ಯಾವ ಕಡೆಗಿತ್ತೋ ಅದೇ ಕಡೆಗೆ ಹಾಕಿ. ಕಾಯಿಲ್ ತೊಳೆಸುವುದು ವರ್ಕ್‌ಶಾಪಿನವರ ಕೆಲಸ. ನೀವು ದಿನಾ ಮಾಡಬಹುದಾದದ್ದು ಇಷ್ಟು: ಮನೆ ತಲುಪಲು ಎರಡು ಮೂರು ನಿಮಿಷ ಇರುವಾಗ ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಬಿಡಿ, ಹೊರಗಿನ ಗಾಳಿ ಬರುವ ಹಾಗಿಡಿ. ಕಾಯಿಲ್ ಒಣಗಿದರೆ ವಾಸನೆ ಹುಟ್ಟುವುದೇ ಇಲ್ಲ.

ಒಣಗಿಸುವುದಕ್ಕೆ ಅವಸರ ಬೇಡ. ಬಾಗಿಲು ತೆಗೆದು ಬಿಸಿಲಿಗೆ ಬಿಡಿ, ಹೊರಗೆ ಸ್ಟೂಲ್ ಮೇಲೆ ಟೇಬಲ್ ಫ್ಯಾನ್ ಇಟ್ಟು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಗಾಳಿ ಹಾಯಿಸಿ. ಅಡಿಯ ಫೆಲ್ಟ್ ಒದ್ದೆಯಾಗಿದ್ದರೆ ಕಾರ್ಪೆಟ್ಟಿನ ಅಂಚು ಎತ್ತಿ ಕೆಳಗೆ ಹಳೇ ಪೇಪರ್ ತುರುಕಿ, ಗಂಟೆಗೊಮ್ಮೆ ಬದಲಿಸಿ. ಇದಕ್ಕೆ ಮೂರು ನಾಲ್ಕು ದಿನ ಬೇಕಾದರೂ ಬೇಕಾದೀತು. ಮತ್ತೆ ಆ ಟಿಶ್ಯೂ ಪರೀಕ್ಷೆ ಮಾಡಿ, ಒಣ ಟಿಶ್ಯೂ ಬಂದ ಮೇಲೆಯೇ ಮ್ಯಾಟ್ ಹಾಕಿ. ಮಳೆ ಬಂತೆಂದು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಮಾಡಿ ಎಸಿಯಿಂದ ಒಣಗಿಸಲು ಹೋಗಬೇಡಿ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಪ್ರವಾಹದ ನೀರು ಸೀಟಿನ ಮಟ್ಟಕ್ಕೆ ಬಂದಿದ್ದ ಕಾರಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಕೀ ಕೂಡ ತಿರುಗಿಸದೆ ಟೋ ಮಾಡಿಸಿ, ಇನ್ಶೂರೆನ್ಸಿನವರಿಗೆ ಫೋನ್ ಮಾಡಿ.

ವಾಸನೆಗೆ ನುಸಿಗುಳಿಗೆ ಇಡುವ ಅಭ್ಯಾಸ ಹಲವರಿಗಿದೆ. ಅದರಿಂದ ಏಳುವ ನಾಫ್ತಲಿನ್ ಆವಿ ಮುಚ್ಚಿದ ಕಾರಿನಲ್ಲಿ ಒಳ್ಳೆಯದಲ್ಲ. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವವರಲ್ಲಿ, ಅದರಲ್ಲೂ ಎಳೆಮಕ್ಕಳಲ್ಲಿ, ರಕ್ತಕಣ ಒಡೆಯುವಷ್ಟು ತೊಂದರೆ ಮಾಡುತ್ತದೆ. ಅದರ ಬದಲು ತೇವ ಹೀರುವ ಸಿಲಿಕಾ ಜೆಲ್ ಚೀಲ ಇಡಿ, ಮಕ್ಕಳ ಕೈಗೆ ಸಿಗದಂತೆ. ಉಳಿದ ಸ್ಪಿರಿಟ್ ಬಾಟಲಿ, ಸ್ಪ್ರೇ ಕ್ಯಾನ್ ಕಾರಿನಲ್ಲೇ ಬಿಡಬೇಡಿ. ಕ್ಯಾನ್ ಮೇಲೆ 50 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಇಡಬಾರದು ಅಂತ ಬರೆದಿರುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ.

ಮ್ಯಾಟ್ ವಾಪಸ್ ಹಾಕುವಾಗ ಡ್ರೈವರ್ ಕಡೆಯದಕ್ಕೆ ಕೆಳಗಿನ ಕೊಕ್ಕೆ ಸರಿಯಾಗಿ ಕೂರಿಸಿ. ಮ್ಯಾಟ್ ಮೇಲೆ ಮ್ಯಾಟ್ ಹಾಕಬೇಡಿ, ಪೆಡಲ್ ಕೆಳಗೆ ಪೇಪರ್ ಉಳಿಸಬೇಡಿ. ಮ್ಯಾಟ್ ಜಾರಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಳ್ಳುವ ಅಪಾಯಕ್ಕಾಗಿಯೇ 2009ರಲ್ಲಿ ಟೊಯೊಟ ಕಂಪನಿ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳ ರೀಕಾಲ್ ಘೋಷಿಸಿತ್ತು. ಮೂರೂ ಪೆಡಲ್ ಕೊನೆವರೆಗೆ ಒತ್ತಿ ಬಿಟ್ಟು ನೋಡಿ. ಸೀಟು ಹಿಂದೆ ಮುಂದೆ ಸರಿಸಿ ಲಾಕ್ ಬೀಳುತ್ತದಾ ನೋಡಿ. ಪ್ರತಿ ಬೆಲ್ಟನ್ನೂ ಜೋರಾಗಿ ಜಗ್ಗಿ, ಅದು ಹಿಡಿದುಕೊಳ್ಳಬೇಕು. ಕೊನೆಗೆ ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಏನೋ ದೋಷ ಇದೆ, ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಅಲುಗಿರಬಹುದು. ತಡಮಾಡದೆ ಸರ್ವಿಸ್ ಸೆಂಟರಿಗೆ ಒಯ್ದು ತೋರಿಸಿ.